ಮುಚ್ಚಬಾರದಿದ್ದ ಗೋಡೆ

ಆಸ್ಪತ್ರೆಯ ಬಟ್ಟೆಮನೆಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಅವಳ ಬಲಗೈ ಎಡಗೈಗಿಂತ ದಪ್ಪಗಾಗಿತ್ತು. ರೋಗಿಗಳ ಹಾಸಿಗೆ ಬಟ್ಟೆಗಳ ಜೊತೆಯಲ್ಲೇ ಅವಳ ತಲೆಯೂ ಬೆಳ್ಳಗಾಗಿತ್ತು. ಹಳೆಯ ಬಟ್ಟೆಮನೆ ಸೋರುತ್ತದೆ, ಹಿತ್ತಲ ಕಡೆ ಹೊಸದು ಕಟ್ಟಿ ದೊಡ್ಡ ಒಗೆಯುವ ಯಂತ್ರ ಇಡೋಣ ಎಂದು ತೀರ್ಮಾನವಾದಾಗ, ಆಸ್ಪತ್ರೆಯ ಆಡಳಿತ ನೋಡುವ ಸಾಹೇಬರು ಅವಳನ್ನು ಕರೆದರು.

"ಕೆಲಸದ ಉಸ್ತುವಾರಿ ನೀನೇ ನೋಡ್ಕೋಮ್ಮ. ಸರಿಯಾಗಿ ಮುಗಿಸಿಕೊಟ್ರೆ ಹೊಸ ಬಟ್ಟೆಮನೆಗೆ ನೀನೇ ಮೇಲ್ವಿಚಾರಕಿ."

ಪೆಟ್ಟಿಗೆ ಕೆಳಗಿಡುವ ಕಾಲ ಬಂತಲ್ಲ ಎಂದು ಅವಳ ಕೈಯೇ ಮೊದಲು ಹಗುರಾಯಿತು.

ಉಸ್ತುವಾರಿ ಎಂದರೇನು ಎಂದು ಅವಳು ಯಾರನ್ನೂ ಕೇಳಲಿಲ್ಲ. ಒಗೆಯದೆ ಹಿಂಡುವಂತಿಲ್ಲ, ಹಿಂಡದೆ ಒಣಗಹಾಕುವಂತಿಲ್ಲ, ಒಣಗದ ಬಟ್ಟೆಗೆ ಪೆಟ್ಟಿಗೆ ಇಡುವಂತಿಲ್ಲ. ಯಾವುದು ಯಾವುದಕ್ಕೆ ಕಾಯಬೇಕು ಅನ್ನುವುದು ತಿಳಿದರೆ ಅರ್ಧ ಉಸ್ತುವಾರಿ ಆದ ಹಾಗೆಯೇ. ಕೆಲಸದವರನ್ನೆಲ್ಲ ಸೇರಿಸಿ ಹೇಳಿದಳು: "ಮೊದಲು ನೆಲ, ಆಮೇಲೆ ಪೈಪು, ವೈರು. ಹಿಂದಿನ ಗೋಡೆ ಮಾತ್ರ ಬಾಯಿ ತೆರ್ಕೊಂಡೇ ಇರ್ಲಿ. ಯಂತ್ರ ಒಳಗೆ ಹೋಗಿ ಕೂತ ಮೇಲೆ ಮುಚ್ಚೋದು. ಬಾಗಿಲಲ್ಲಿ ಅದು ಹಿಡಿಸಲ್ಲ."

ಗೋಡೆ ಕೆಲಸ ಕೊಟ್ಟಿದ್ದು ಒಡಹುಟ್ಟಿದ ತಮ್ಮನಿಗೇ. ಒಳ್ಳೆಯ ಮೇಸ್ತ್ರಿ, ಕೈಯಲ್ಲಿ ಕಸುಬಿತ್ತು, ಕೆಲಸ ಇರಲಿಲ್ಲ. "ನನ್ನ ತಮ್ಮ, ನಾನು ಜವಾಬ್ದಾರಿ" ಎಂದು ಸಾಹೇಬರ ಮುಂದೆ ನಿಂತು ಹೇಳಿ ಸೇರಿಸಿದ್ದಳು.

ಪ್ರತಿ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಕೇಳುವುದು ಅವಳ ಪದ್ಧತಿ. "ಆಗಿದ್ದು ನಂಗೆ ಕಾಣತ್ತೆ. ಯಾವುದು ತಡ ಆಗ್ತಿದೆ, ಅದನ್ನ ಹೇಳಿ."

"ನಮ್ಮನೆಯವಳ ಬಾಯೊಂದು ಬಿಟ್ಟು ಎಲ್ಲಾ ತಡವೇ ಅಕ್ಕ" ಎನ್ನುತ್ತಿದ್ದ ನಲ್ಲಿ ಕೆಲಸದವನು. "ಪೈಪೇ ಬಂದಿಲ್ಲ."

"ಹಾಗಾದ್ರೆ ಅವಳನ್ನೇ ಕಳ್ಸು, ಅಂಗಡಿಯವನು ಹೆದರಿ ಕೊಟ್ಟುಬಿಡ್ತಾನೆ."

ನಗುನಗುತ್ತಲೇ ಕೆಲಸ ಸಾಗಿತ್ತು. ಅಷ್ಟರಲ್ಲಿ ಯಂತ್ರ ತಯಾರಾಗಿದೆ, ಓಡಿಸಿ ತೋರಿಸುತ್ತೇವೆ ಎಂದು ಕಾರ್ಖಾನೆಯಿಂದ ಕರೆ ಬಂತು. ದೂರದ ಊರು. ನೋಡದೆ ತರಬಾರದೆಂದು ಅವಳೇ ಹೊರಟಳು. ಅಲ್ಲಿಂದಲೂ ಬೆಳಿಗ್ಗೆ ಫೋನ್ ತಪ್ಪಿಸಲಿಲ್ಲ.

"ಯಾವುದು ತಡ ಆಗ್ತಿದೆಯೋ?"

"ಯಾವುದೂ ತಡ ಇಲ್ಲ ಅಕ್ಕ. ನೀನು ನೆಮ್ಮದಿಯಾಗಿ ಬಾ" ಎಂದ ತಮ್ಮ.

ಅವಳು ನೆಮ್ಮದಿಯಾಗಿಯೇ ಬಂದಳು, ಲಾರಿಯ ಮುಂದಿನ ಸೀಟಿನಲ್ಲಿ, ಮದುವಣಗಿತ್ತಿಯನ್ನು ಕರೆತರುವ ಸೋದರತ್ತೆಯ ಹಾಗೆ ಬೀಗುತ್ತಾ. ಹಿತ್ತಲಿಗೆ ತಿರುಗಿದ ಲಾರಿ ನಿಂತಿತು. ಹಿಂದಿನ ಗೋಡೆ ಪೂರ್ತಿ ಮುಚ್ಚಿತ್ತು. ಗಾರೆಯಾಗಿತ್ತು, ಬಿಳಿ ಬಣ್ಣವಾಗಿತ್ತು, ನಡುವೆ ಅಂದಕ್ಕೆಂದು ಒಂದು ನೀಲಿ ಪಟ್ಟಿ ಬೇರೆ.

"ಇದೇನೋ ಇದು?" ಎಂದಳು, ಎದುರಿಗೆ ಬಂದ ತಮ್ಮನಿಗೆ.

"ದಾನಿಗಳು ನೋಡೋಕೆ ಬರ್ತಾರೆ, ಹಲ್ಲು ಬಿದ್ದ ಬಾಯಿ ತರ ಇದೆಯಲ್ಲಯ್ಯಾ ಅಂದ್ರು ಸಾಹೇಬ್ರು. ಮುಚ್ಚಿದೆ. ದಾನಿಗಳೆದುರೇ ಭೇಷ್ ಅಂದ್ರಕ್ಕ."

"ಯಂತ್ರ ಇನ್ನೂ ಹೊರಗಿದೆ ಅಂತ ಹೇಳಲಿಲ್ವೇನೋ?"

"ಅವರು ದೊಡ್ಡೋರು, ನಾನೇನು ಹೇಳ್ಲಿ?"

"ನಂಗಾದ್ರೂ ಹೇಳಬಾರದಿತ್ತಾ?"

"ನೀನು ತಡ ಯಾವುದು ಅಂತ ಕೇಳ್ದೆ. ಗೋಡೆ ತಡ ಆಗಿರ್ಲಿಲ್ಲ."

ಅವಳು ಗೋಡೆಯನ್ನು ಮುಟ್ಟಿ ನೋಡಿದಳು, ಗಾರೆ ಗಟ್ಟಿಯಾಗಿತ್ತು. ಹಿಂದೆ ಬಿದ್ದವರನ್ನು ದಿನವೂ ಹುಡುಕಿದ್ದಳು. ಹೇಳದೆ ಮುಂದೆ ಓಡಿದವನನ್ನು ಕೇಳುವ ಯೋಚನೆಯೇ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರೆ ಬಟ್ಟೆ ದಂಡ, ಅಷ್ಟೇ. ಇಲ್ಲಿ ಕೂಸು ಬರುವ ದಾರಿಯನ್ನೇ ಹೊಲಿದುಬಿಟ್ಟಿದ್ದರು.

"ಇಳಿಸೋದಾ, ವಾಪಸ್ ಒಯ್ಯೋದಾ? ಬೇಗ ಹೇಳಮ್ಮ" ಎಂದ ಲಾರಿಯವನು.

ಗದ್ದಲ ಕೇಳಿ ಸಾಹೇಬರು ಬಂದರು. ಯಂತ್ರ ನೋಡಿದರು, ಗೋಡೆ ನೋಡಿದರು. ಮುಖ ಕೆಂಪಾಯಿತು.

"ಉಸ್ತುವಾರಿ ಯಾರದಮ್ಮ ಇಲ್ಲಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹೊಸದೇನಲ್ಲ. ಅವಳು ತಮ್ಮನ ಕಡೆ ನೋಡಿದಳು. ಅವನೊಂದು ಮಾತು ಆಡಿದ್ದರೆ ಸಾಕಿತ್ತು. ಅವನು ಕೈಯಲ್ಲಿದ್ದ ಕರಣೆಗೆ ಅಂಟಿದ ಒಣ ಗಾರೆಯನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ಮುಚ್ಚಲು ಹೇಳಿದ್ದು ನೀವೇ ಎಂದು ಅವಳೇ ಹೇಳಿಬಿಡಬಹುದಿತ್ತು. ಆಗ ಸಾಕ್ಷಿ ಹೇಳಬೇಕಾದವನು ಅವನೇ, ಕೆಲಸ ಹೋಗುವುದೂ ಅವನದೇ.

"ನಂದೇ ಸಾರ್" ಎಂದಳು.

"ಯಂತ್ರ ಬರತ್ತೆ, ದಾರಿ ಬೇಕು ಅಂತ ಗೊತ್ತಾಗಬಾರದಾ? ಇಷ್ಟು ವರ್ಷ ಇದ್ದು ಏನು ಕಲಿತೆ?"

ಅಷ್ಟು ಹೊತ್ತಿಗೆ ತಮ್ಮನಿಗೆ ಬಾಯಿ ಬಂತು. "ನಾನು ಒಡೀತೀನಿ ಸಾರ್. ಊಟ ಬಿಟ್ಟಾದ್ರೂ ಒಡೀತೀನಿ." ಒಡೆದ. ಬೆವರು ಸುರಿಸಿ, ಧೂಳು ತಿಂದು ಒಡೆದ. ಯಂತ್ರ ಒಳಗೆ ಹೋಯಿತು. ಮತ್ತೆ ಕಟ್ಟಿದ, ಮತ್ತೆ ಬಣ್ಣ, ಮತ್ತೆ ನೀಲಿ ಪಟ್ಟಿ. ಬಟ್ಟೆಮನೆಯ ಉದ್ಘಾಟನೆಯಲ್ಲಿ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, "ಕಷ್ಟ ಬಂದಾಗ ಕೈ ಬಿಡದವನು ಅಂದ್ರೆ ಇವನು. ಇಂಥವರು ಬೇಕು ನಮಗೆ" ಎಂದರು.

ಗೋಡೆ ಮುಚ್ಚಿದ್ದಕ್ಕೊಂದು ಭೇಷ್, ಒಡೆದದ್ದಕ್ಕೊಂದು ಭೇಷ್, ಮತ್ತೆ ಮುಚ್ಚಿದ್ದಕ್ಕೆ ಮೇಲ್ವಿಚಾರಕನ ಕುರ್ಚಿ. ಮುಚ್ಚಬೇಡಿ ಎಂದವಳಿಗೆ ಏನಿದೆ? ಅವಳ ಮಾತು ನಡೆದಿದ್ದರೆ ಅಲ್ಲಿ ನೋಡುವಂಥದ್ದು ಏನೂ ಆಗುತ್ತಲೇ ಇರಲಿಲ್ಲ. ಆಗದೇ ಉಳಿದ ಅನಾಹುತಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

"ಅಕ್ಕ, ನಾನಾಗಿ ಕೇಳಿದ್ದಲ್ಲ" ಎಂದ ತಮ್ಮ, ಅಂದು ಸಂಜೆ.

"ಬೇಡ ಅಂತಾನೂ ಅಂದಿಲ್ಲವಲ್ಲ" ಎಂದು ಅವಳು ಪೆಟ್ಟಿಗೆಯ ಮೇಜಿನ ಕಡೆ ನಡೆದಳು.

ಈಗ ಹೊಸ ಬಟ್ಟೆಮನೆಯಲ್ಲಿ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಳ್ಳುವವನು ಅವನು. ಮಾತೂ ಅಕ್ಕನದೇ. "ಯಾವುದು ತಡ ಆಗ್ತಿದೆ, ಹೇಳಿ."

ಸಾಹೇಬರಿಗೆ ವೇಗ ಬೇಕು. ಹಾಗಾಗಿ ಒಣಗುವ ಮೊದಲೇ ಬಟ್ಟೆಗಳು ಅವಳ ಮೇಜಿಗೆ ಬರತೊಡಗಿವೆ. ಒಂದು ಬೆಳಿಗ್ಗೆ ಹಸಿ ಹಸಿ ಹಾಸಿಗೆ ಬಟ್ಟೆಗಳ ರಾಶಿ ಮೇಜಿನ ಮೇಲಿತ್ತು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪೈಪು ನೋಡಲು ಬಂದಿದ್ದ ನಲ್ಲಿ ಕೆಲಸದವನು ಕೂಡ ಏನಾದರೂ ಹೇಳಲಿ ಎಂಬಂತೆ ಅವಳ ಮುಖ ನೋಡಿದ.

"ನಿಂದು ಅಕ್ಕ?" ಎಂದ ತಮ್ಮ.

"ಯಾವುದೂ ತಡ ಇಲ್ಲಪ್ಪ."

ಅವನಿಗೆ ಸಮಾಧಾನವಾಯಿತು. ಮುಂದಿನವರನ್ನು ಕೇಳಲು ಹೋದ. ಅವಳು ಮೇಲಿನ ಬಟ್ಟೆಯನ್ನು ಹರಡಿ, ಅಂಗೈಯಿಂದ ಒಮ್ಮೆ ಸವರಿ, ಕಾದ ಪೆಟ್ಟಿಗೆಯನ್ನು ಆ ಹಸಿಯ ಮೇಲೇ ಇಟ್ಟಳು.