ಮೊಣಕಾಲ ಮೇಲೆ ಅರ್ಧ ಸಹಿ

ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಲೋಟ. ಅದರ ನೀರಿನಲ್ಲಿ, ಯಾರನ್ನೂ ಉದ್ದೇಶಿಸದ ನಗೆಯೊಂದನ್ನು ಹಿಡಿದುಕೊಂಡು ಮುಳುಗಿರುವ ಹಲ್ಲಿನ ಸೆಟ್ಟು. ಪಕ್ಕದಲ್ಲಿ ಕೈಕಟ್ಟಿ ಕುಳಿತಂತೆ ಮಡಚಿಟ್ಟ ಕನ್ನಡಕ. ಅದರಾಚೆ, ಹತ್ತಿಯ ಮೇಲೆ ಮಲಗಿದ ಕಿವಿಯ ಮಿಷನ್ನು. ಮಧ್ಯಾಹ್ನದ ಬಿಸಿಲು ಲೋಟವನ್ನು ಹಾದು ಗೋಡೆಯ ಮೇಲೆ ಸುಮ್ಮನೆ ನಿಂತಿತ್ತು.

ಇವುಗಳ ಒಡತಿ ಮಂಚದ ಮೇಲಿದ್ದರು. ಆಪರೇಷನ್ನಿಗೆ ಮುನ್ನ ಬಿಚ್ಚಬಹುದಾದುದನ್ನೆಲ್ಲ ಬಿಚ್ಚಿಡಬೇಕೆಂಬುದು ವಾರ್ಡಿನ ನಿಯಮ. ಆಪರೇಷನ್ ನಾಳೆಯಾದರೂ ನರ್ಸಮ್ಮ ಇಂದೇ ಬಿಚ್ಚಿಟ್ಟು ಮುಂದಾಲೋಚನೆ ಮೆರೆದಿದ್ದರು. ಆಮೇಲೆ ಬಂದ ಸರ್ಜನ್, ರೋಗಿಗೆ ಕಣ್ಣು ಕಾಣದು, ಕಿವಿ ಕೇಳದು, ಹೇಳಿದ್ದು ತಿಳಿಯದು ಎಂಬುದನ್ನು ಒಂದೇ ನೋಟದಲ್ಲಿ ಪತ್ತೆಹಚ್ಚಿದರು. ವಿದ್ಯೆಯೆಂದರೆ ಹಾಗಿರಬೇಕು.

"ಅಜ್ಜೀ, ಊಟ ಆಯ್ತಾ?" ಎಂದು ಕೂಗಿ, ಉತ್ತರಕ್ಕೆ ಕಾಯುವ ದುರಭ್ಯಾಸವಿಲ್ಲದ ಅವರು ಮಗನತ್ತ ತಿರುಗಿದರು. "ಪಾದ ಪೂರ್ತಿ ಕೊಳೆತಿದೆ. ಮೊಣಕಾಲ ಕೆಳಗೆ ತೆಗೀಬೇಕು. ಇವ್ರಿಗೆ ಹೇಳಿದ್ದೀರಾ?"

"ಸುಮ್ನೆ ಯಾಕೆ ಗಾಬರಿ ಮಾಡೋದು ಡಾಕ್ಟ್ರೇ? ನಾನಿದ್ದೀನಲ್ಲ."

ಎಚ್ಚರವಾದಾಗ ಕಾಲಿಲ್ಲವೆಂದು ತಿಳಿದರೆ ಆಗುವ ಗಾಬರಿಯನ್ನು ಮಗ ನಾಳೆಗೆ ಬಿಟ್ಟಿದ್ದ.

ಒಪ್ಪಿಗೆಯ ಕಾಗದ ಬಂತು. ಮೇಜಿನ ತುಂಬ ಅವನ ಹೆಲ್ಮೆಟ್ಟೇ ಕುಳಿತಿದ್ದರಿಂದ, ಕೈಗೆಟುಕಿದ ಗಟ್ಟಿ ಜಾಗದ ಮೇಲೆ ಕಾಗದವಿಟ್ಟು ಒತ್ತಿ ಸಹಿ ಮಾಡತೊಡಗಿದ. ಹೊದಿಕೆಯ ಕೆಳಗಿದ್ದ ಆ ಗಟ್ಟಿ ಜಾಗ, ತಾಯಿಯ ಅದೇ ಕಾಲಿನ ಮೊಣಕಾಲು.

ಕಣ್ಣು ಕಿವಿ ಬಿಚ್ಚಿಟ್ಟವರು ಚರ್ಮವನ್ನು ಬಿಚ್ಚಿಡಲು ಮರೆತಿದ್ದರು. ಮಂಚದಿಂದ ಒಂದು ಕೈ ಮೆಲ್ಲನೆ ಕಟ್ಟೆಯತ್ತ ಚಾಚಿತು. ಹಲ್ಲು, ಕನ್ನಡಕ, ಕಿವಿ. ಒಂದೊಂದಾಗಿ ತಾಯಿ ಕೋಣೆಗೆ ಮರಳಿ ಬಂದರು.

"ನನ್ನ ಕಾಲ ಮೇಲೆ ಅದೇನೋ ಗೀಚ್ತಿರೋದು?"

ಸಹಿ ಅರ್ಧಕ್ಕೆ ನಿಂತಿತು. "ಏನಿಲ್ಲಮ್ಮ, ಆಸ್ಪತ್ರೇದು. ನಿನಗ್ಯಾಕೆ ಈ ತಲೆನೋವು?"

ಕಾಗದವನ್ನು ಎಳೆದುಕೊಂಡು ಅವರು ಕೊನೆಯವರೆಗೂ ಓದಿದರು. ಗೋಡೆಯ ಮೇಲಿನ ಬಿಸಿಲು ಕೊಂಚ ಸರಿಯಿತು.

"ಕಾಲು ತೆಗೀತೀರಾ?"

ಸರ್ಜನ್ ಅಭ್ಯಾಸಬಲದಿಂದ ಮಗನ ಮುಖ ನೋಡಿ ಉತ್ತರಿಸಹೊರಟರು.

"ಈ ಕಡೆ ನೋಡಿ ಡಾಕ್ಟ್ರೇ. ಕಾಲು ನನ್ನದು. ತೆಗೆಸಿದ್ರೆ ಏನಾಗುತ್ತೆ, ಬೇಡ ಅಂದ್ರೆ ಏನಾಗುತ್ತೆ, ಬೇರೆ ದಾರಿ ಏನಾದ್ರೂ ಇದ್ಯಾ, ಕೂತ್ಕೊಂಡು ಹೇಳಿ. ಕೂಗಬೇಡಿ, ಮೆತ್ತಗೆ ಹೇಳಿದ್ರೂ ಕೇಳ್ಸುತ್ತೆ."

ಇಷ್ಟು ವರ್ಷದ ಸೇವೆಯಲ್ಲಿ, ಆ ಕೋಣೆಯಲ್ಲೊಂದು ಕುರ್ಚಿಯಿರುವುದು ಸರ್ಜನ್ನರ ಗಮನಕ್ಕೆ ಬಂದದ್ದು ಅಂದೇ. ಕುಳಿತರು.

"ಅಮ್ಮಾ, ನಾನೂ ಇರ್ತೀನಿ..."

"ನೀನು ಹೊರಗೆ ಕೂತಿರಪ್ಪ. ನಾನು ಹೂಂ ಅಂದ್ನೋ ಊಹೂಂ ಅಂದ್ನೋ ಆಮೇಲೆ ಹೇಳ್ತೀನಿ. ಈಗಲೇ ಗಾಬರಿ ಯಾಕೆ?"

ಮಗ ಹೆಲ್ಮೆಟ್ ಎತ್ತಿಕೊಂಡು ಹೊರನಡೆದ. ಅವನ ಹಿಂದೆ ಬಾಗಿಲು, ಆಸ್ಪತ್ರೆಯ ಬಾಗಿಲುಗಳಿಗೆ ಮಾತ್ರ ಸಾಧ್ಯವಾದ ಸಭ್ಯತೆಯಿಂದ, ಸದ್ದಿಲ್ಲದೆ ಮುಚ್ಚಿಕೊಂಡಿತು.