ಪ್ರಸಾದ ಹೊತ್ತವಳ ಮೌನ

"ಕೊನೆಗಾಲಕ್ಕೆ ನನ್ನ ಬಾಯಿಗೆ ಪ್ರಸಾದ ನೀನೇ ಇಡ್ಬೇಕು ಅಕೆಟಾ. ತರಾವಾದಿಂದ ಫಾದರ್ ದೋಣಿ ಬರ್ಲಿ ಅಂತ ಕಾದ್ರೆ ನಾನು ಕೊಳೆತೇ ಹೋಗ್ತೀನಿ," ಎಂದಿದ್ದಳು ಮಕುರೀತಜ್ಜಿ. "ಇಡ್ತೀನಜ್ಜಿ," ಎಂದು ಅಕೆಟಾ ಮಾತು ಕೊಟ್ಟಿದ್ದಳು. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ.

ತರಾವಾದಿಂದ ದೂರದ ಆ ಪುಟ್ಟ ದ್ವೀಪದಲ್ಲಿ, ಯೇಸುವಿನ ದೇಹವೆಂದು ಬಾಯಿಗಿಡುವ ರೊಟ್ಟಿಬಿಲ್ಲೆಯನ್ನು, ಅಂದರೆ ಪರಮಪ್ರಸಾದವನ್ನು ಹಂಚಲು ಬಿಷಪ್ಪರ ಅಪ್ಪಣೆ ಪಡೆದ ಮೊದಲ ಹೆಂಗಸು ಮಕುರೀತಜ್ಜಿ. ಗಂಡಸರು ಗೊಣಗಿದಾಗ, "ಯೇಸು ಸತ್ತು ಎದ್ದ ಸುದ್ದಿ ಮೊದ್ಲು ತಂದೋರು ಯಾರಯ್ಯಾ, ಹೆಂಗಸರಲ್ವಾ? ಕದ ಹಾಕ್ಕೊಂಡು ನಡುಗ್ತಾ ಕೂತಿದ್ದ ನಿಮ್ಮಂಥೋರಾ?" ಎಂದು ಬಾಯಿ ಮುಚ್ಚಿಸಿದ್ದಳು. ಅಕೆಟಾಳಿಗೆ ಕೆಲಸ ಕಲಿಸಿದ್ದೂ ಅವಳೇ. ಪ್ರಸಾದದ ಡಬ್ಬಿ ಎದೆಯ ಮೇಲಿದ್ದಾಗ ಯಾರೊಡನೆಯೂ ಮಾತಿಲ್ಲ. ದಾರಿಯಲ್ಲಿ ನಿಲ್ಲುವಂತಿಲ್ಲ. ರೋಗಿಯ ಚಾಪೆಯ ಪಕ್ಕ ಮೇಣದಬತ್ತಿ ಹಚ್ಚುವವರೆಗೆ ಡಬ್ಬಿ ತೆರೆಯುವಂತಿಲ್ಲ.

ಇವತ್ತು ಅಕೆಟಾ ಮಕ್ಕಳ ಊಟಕ್ಕೆ ತೆಂಗಿನಕಾಯಿ ತುರಿಯುತ್ತಿದ್ದಾಗ ಅಜ್ಜಿಯ ಅಳಿಯ ಬಿರಿಬೋ ಅಜ್ಜಿಯಿದ್ದ ಆಚೆ ನಡುಗಡ್ಡೆಯಿಂದ ಓಡಿ ಬಂದ. "ಅಜ್ಜಿಗೆ ಮೇಲುಸಿರು ಶುರುವಾಗಿದೆ ಅಕ್ಕಾ. ನಾನು ಮುಂದೆ ಓಡ್ತೀನಿ, ನೀನು ಬಂದ್ಬಿಡು."

ಈಸ್ಟರ್ ಹಬ್ಬದಿಂದ ಫಾದರ್ ದೋಣಿ ಬಂದಿರಲಿಲ್ಲ. ಅವರು ಮಂತ್ರಿಸಿ ಇಟ್ಟುಹೋದದ್ದರಲ್ಲಿ ಚರ್ಚಿನ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಒಂದು ಪ್ರಸಾದ. ಅದನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಹೊರಟಳು.

ಇಳಿತದ ಹೊತ್ತು. ಎರಡು ನಡುಗಡ್ಡೆಗಳ ನಡುವಿನ ಮರಳು ಬಯಲಾಗಿ ಬಿದ್ದಿತ್ತು. ನೆತ್ತಿಯ ಮೇಲೆ ಬಿಸಿಲು. ಗಾಳಿ ಇಲ್ಲ, ಒಂದು ಹಕ್ಕಿಯೂ ಇಲ್ಲ. ಅರ್ಧ ದಾರಿಯಲ್ಲಿ ಯಾರೋ ಮುದುಕಿ ಕೂತು ಚಮಚದಲ್ಲಿ ಮರಳು ತೋಡಿ ಚಿಪ್ಪು ಹುಡುಕುತ್ತಿದ್ದಳು. ಹತ್ತಿರ ಬಂದಾಗ ಅಕೆಟಾಳಿಗೆ ಮುಖ ಕಂಡಿತು. ಕಳೆದ ವರ್ಷದಿಂದ ಚಾಪೆ ಬಿಟ್ಟು ಏಳದ ಮಕುರೀತಜ್ಜಿ. ಅಲ್ಲಿ ಬೆರಳಷ್ಟು ತೋಡಿದರೂ ನೀರು ಜಿನುಗುತ್ತದೆ. ಅಜ್ಜಿ ಮೊಣಕೈವರೆಗೆ ತೋಡಿದ್ದ ಗುಂಡಿ ಒಣಗಿಯೇ ಇತ್ತು.

"ಎಷ್ಟು ಹೊತ್ತೇ ಹುಡುಗಿ! ಅಡುಗೆ ಮುಗೀಲಿಲ್ವಾ ನಿಂದು?"

ಅಕೆಟಾ ಹೆಜ್ಜೆ ನಿಲ್ಲಿಸಲಿಲ್ಲ.

"ಬಾಯೇ ಬಿಡಲ್ಲ ನೋಡು, ಕಳ್ಳಿ! ನಾನು ಕಲಿಸಿದ್ದನ್ನ ನನಗೇ ತೋರಿಸ್ತೀಯಾ?" ಅಜ್ಜಿ ನಕ್ಕಳು. "ಇಲ್ಲೇ ಕೊಟ್ಬಿಡು. ಅಲ್ಲಿಗೆ ಹೋದ್ರೆ ನಾನು ಸಿಗಲ್ಲ."

ಅಕೆಟಾಳ ಕೈ ತಾನಾಗಿ ಡಬ್ಬಿಯತ್ತ ಹೋಯಿತು. ಇದು ಅಜ್ಜಿಯಲ್ಲದೆ, ಅಜ್ಜಿಯ ಮುಖ ಹೊತ್ತು ಕೂತ ಬೇರೇನಾದರೂ ಆಗಿದ್ದರೆ? ಇರುವ ಪ್ರಸಾದ ಒಂದೇ. ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮುಂದೆ ನಡೆದಳು. ಹಿಂದಿನಿಂದ, "ಅಕೆಟಾ," ಎಂದು ಇನ್ನೊಮ್ಮೆ ಕೇಳಿಸಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ತಿರುಗಿ ನೋಡಲಿಲ್ಲ.

ಮನೆ ಮುಟ್ಟುವ ಮೊದಲೇ ಹೆಂಗಸರ ಅಳು ಕೇಳಿಸಿತು. ಬಿರಿಬೋ ಹಚ್ಚದ ಮೇಣದಬತ್ತಿ ಹಿಡಿದು ನಿಂತಿದ್ದ. "ಈಗ ತಾನೇ ಅಕ್ಕಾ. ನೀನು ಮರಳು ದಾಟ್ತಾ ಇದ್ಯಲ್ಲ, ಆಗ."

ಚಾಪೆಯ ಮೇಲೆ ಅಜ್ಜಿಯ ಗಲ್ಲ ಮೇಲಕ್ಕೆತ್ತಿತ್ತು. ಬಾಯಿ ತೆರೆದಿತ್ತು. ಪ್ರಸಾದಕ್ಕೆ ಹಳಬರು ಚಾಚುವ ಹಾಗೆ ನಾಲಿಗೆ ಕೆಳದುಟಿಯ ಮೇಲೆ ಬಂದಿತ್ತು.

"ಮುಚ್ಚಿದ್ರೂ ಮತ್ತೆ ತೆರೆಯುತ್ತೆ ಕಣೇ," ಎಂದಳು ಅಜ್ಜಿಯ ತಂಗಿ. "ಪ್ರಸಾದ ಕೇಳ್ತಿದಾಳೆ ನೋಡು. ಇಟ್ಬಿಡೇ, ಯಾರಿಗೆ ಗೊತ್ತಾಗುತ್ತೆ?"

ಸತ್ತವರಿಗೆ ಪ್ರಸಾದ ಕೊಡುವಂತಿಲ್ಲ. ಅದನ್ನೂ ಕಲಿಸಿದ್ದವಳು ಮಕುರೀತಜ್ಜಿಯೇ. ಅಕೆಟಾ ಮೊಣಕಾಲೂರಿ ಸತ್ತವರ ಪ್ರಾರ್ಥನೆಯನ್ನು ಒಂದು ಸಾಲೂ ಬಿಡದೆ ಹೇಳಿದಳು. ಹೊರಗೆ ಉಬ್ಬರದ ನೀರು ಮರಳಿನ ಮೇಲೆ ಸದ್ದಿಲ್ಲದೆ ಹರಡುತ್ತಿತ್ತು. ಡಬ್ಬಿ ಮುಚ್ಚಿಯೇ ಇತ್ತು.

ಅಕೆಟಾ ಕೊಟ್ಟ ಮಾತು ನಡೆಯಲಿಲ್ಲ.