ಮೂರು ಪಿನ್ನಿನ ತುರುಬು

ನನ್ನ ಸೊಸೆಯ ಕೂದಲು ಗಿರಾಕಿಯ ಕನ್ನಡಕಕ್ಕೆ ಸಿಕ್ಕಿಕೊಂಡದ್ದು ಶುಕ್ರವಾರ.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅದರ ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ಕೂತು ಗಾಜಿನ ಅಂಚು ಉಜ್ಜಿದಳು. ಅಲ್ಲಿ ಕಿಟಕಿಯಿಲ್ಲ, ಮಾತಾಡಿಸುವವರಿಲ್ಲ. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ನನಗಿಂತ ಮುದುಕಿಯಾಗಿ ಕಾಣುತ್ತಿದ್ದಳು. ಕೊನೆಗೂ ಯಜಮಾನಿ ಅವಳನ್ನು ಮುಂದಿನ ಕೌಂಟರಿಗೆ ಕರೆದಿದ್ದಳು, ಎರಡು ವಾರ ನೋಡೋಣ ಎಂದು.

ಐದನೇ ದಿನವೇ ಎಡವಟ್ಟಾಯಿತು. ಒಬ್ಬ ನಿವೃತ್ತ ಮೇಷ್ಟ್ರ ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುವಾಗ ಇವಳ ಕೂದಲು ಹೆಗಲಿನಿಂದ ಜಾರಿ ಕನ್ನಡಕದ ಕೀಲಿಗೆ ಸಿಕ್ಕಿತು. ಅಷ್ಟರಲ್ಲಿ ಮೇಷ್ಟ್ರು ಕನ್ನಡಿ ನೋಡಲು ಎದ್ದೇಬಿಟ್ಟರು. ಇವಳೂ ಜೊತೆಯಲ್ಲೇ ಹೋಗಬೇಕಾಯಿತು. ತಲೆಗೆ ತಲೆ ತಾಗಿಸಿಕೊಂಡು ಇಬ್ಬರೂ ಹೊಸ ಮದುಮಕ್ಕಳ ಹಾಗೆ ಕನ್ನಡಿಯ ತನಕ ನಡೆದರಂತೆ. ಮೇಷ್ಟ್ರ ಹೆಂಡತಿ ಎದುರಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದಳಂತೆ.

ಯಜಮಾನಿ ಹೇಳಿದ್ದು ಇಷ್ಟೇ: "ಸೋಮವಾರ ಕೂದಲು ಮೇಲೆ ಕಟ್ಕೊಂಡು ಬಾ. ನೋಡೋಕೂ ಚೆನ್ನಾಗಿರ್ಬೇಕು, ಸಂಜೆ ತನಕ ಬಿಚ್ಚಲೂಬಾರದು. ಬಿಚ್ಚಿದ್ರೆ ಮತ್ತೆ ಹಿಂದಿನ ಕೋಣೆ."

ನನ್ನ ಸೊಸೆಯ ಕೂದಲೆಂದರೆ ಸಾಮಾನ್ಯ ಕೂದಲಲ್ಲ. ಅವಳು ತಲೆಗೆ ನೀರು ಹಾಕಿಕೊಂಡ ದಿನ ಮೂರನೇ ಮಹಡಿಯ ನಲ್ಲಿಯಲ್ಲೂ ನೀರು ಬರುವುದಿಲ್ಲ. ಒಣಗಲು ಎರಡು ದಿನ ಬೇಕು, ಬಿಸಿಲು ಚುರುಕಾಗಿದ್ದರೆ ಒಂದೂವರೆ. ಶನಿವಾರ ಅದನ್ನು ಇಪ್ಪತ್ತು ಪಿನ್ನು ಹಾಕಿ ಕಟ್ಟಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಪಿನ್ನುಗಳು ಒಂದೊಂದಾಗಿ ಉದುರತೊಡಗಿದವು. ಒಂದು ನನ್ನ ಕಾಫಿ ಲೋಟದ ತಳದಲ್ಲಿ ಸಿಕ್ಕಿತು. ಕಾಫಿ ಕುಡಿದು ಮುಗಿದ ಮೇಲೆ.

ಭಾನುವಾರ ಮಧ್ಯಾಹ್ನ ಅವಳು ಪಾರ್ಲರಿಗೆ ಫೋನ್ ಮಾಡಿ ನಾಲ್ಕು ಗಂಟೆಗೆ ಬರುತ್ತೇನೆಂದಳು.

"ಕತ್ತಿನ ತನಕ ಕತ್ತರಿಸಿಬಿಡ್ತೀನಿ ಅತ್ತೆ. ಪೀಡೆ ಹೋಗಲಿ."

ಪೀಡೆ ಅನ್ನುವಾಗ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಹಾಗೆ ಸುತ್ತಿಕೊಂಡವಳು ಬಿಡಲೇ ಇಲ್ಲ.

"ಕತ್ತರಿಸೋಕೆ ನಾನು ಸತ್ತಿದೀನೇನೆ? ನನ್ನ ತುರುಬು ನೋಡು. ನಲವತ್ತು ವರ್ಷ ಆಯ್ತು ಬಿದ್ದಿಲ್ಲ. ನಿನ್ನ ಗಂಡನ್ನ ಹೆತ್ತಾಗಲೂ ಬಿದ್ದಿಲ್ಲ. ಭೂಮಿ ನಡುಗಿದ್ರೆ ಈ ಗೋಡೆ ಬಿದ್ದೀತು, ಇದು ಬೀಳಲ್ಲ. ಬಾ, ಕೂತ್ಕೋ. ಮೂರೇ ಪಿನ್ನು ಸಾಕು."

ಸ್ಟೂಲಿನ ಮೇಲೆ ಕೂರಿಸಿದೆ. ಬಾಚಿದೆ, ಹಿಡಿದೆ, ತಿರುಚಿದೆ, ಸುತ್ತಿದೆ, ಪಿನ್ನು ಚುಚ್ಚಿದೆ. ಅವಳು ಥ್ಯಾಂಕ್ಸ್ ಹೇಳಲು ತಲೆಯಾಡಿಸಿದಳು. ಅಷ್ಟಕ್ಕೇ ಬಿತ್ತು. ಎರಡನೇ ಸಲ ತಲೆಯಾಡಿಸಬೇಡ ಎಂದೆ. ಉಸಿರಾಡಿದಳು, ಬಿತ್ತು.

ಪೇಪರು ಓದುತ್ತಿದ್ದ ನನ್ನ ಮಗ ಕತ್ತೆತ್ತಿದ. "ಅಮ್ಮ, ಅದು ತುರುಬಲ್ಲ. ಹಕ್ಕಿ ಬಿಟ್ಟುಹೋದ ಗೂಡು."

"ನೀನು ನಿನ್ನ ಬೋಳು ತಲೆ ನೋಡ್ಕೋ. ಅಲ್ಲಿ ಹಕ್ಕಿ ಕೂತ್ರೂ ಜಾರಿ ಬೀಳುತ್ತೆ."

ಮೂರನೇ ಸಲವೂ ಬಿತ್ತು. ಆಗ ನನಗೆ ಹೊಳೆಯಿತು. ನನಗೆ ಹೆಣ್ಣುಮಕ್ಕಳಿಲ್ಲ, ತಂಗಿಯರೂ ಇರಲಿಲ್ಲ. ಈ ಕೈಗಳು ಹುಟ್ಟಿದಾಗಿನಿಂದ ಒಂದೇ ತಲೆಗೆ ತುರುಬು ಕಟ್ಟಿದ್ದವು, ಅದೂ ಹಿಂದಿನಿಂದ, ಕಾಣದೆ. ಬೇರೆಯವರ ತಲೆ ಎದುರಿಗೆ ಬಂದರೆ ಬಲಗೈಯ ಕೆಲಸ ಎಡಗೈಯದೋ, ಎಡಗೈಯದು ಬಲಗೈಯದೋ ಎಂದು ಎರಡೂ ಜಗಳಕ್ಕೆ ನಿಲ್ಲುತ್ತಿದ್ದವು.

ಸೊಸೆಗೂ ಅದು ಗೊತ್ತಾಗಿತ್ತು. "ನಿಮ್ಮ ತಲೆಯಲ್ಲೇ ಮಾಡಿ ತೋರ್ಸಿ ಅತ್ತೆ. ಬಿಚ್ಚಿ ಮತ್ತೆ ಕಟ್ಟಿ. ನಾನು ನೋಡ್ಕೋತೀನಿ."

"ಭಾನುವಾರ ನಾನು ತುರುಬು ಬಿಚ್ಚಲ್ಲ."

"ಯಾಕೆ?"

"ತಲೆ ನೋಯುತ್ತೆ."

"ಈಗ ತಾನೇ ಚೆನ್ನಾಗಿದ್ರಿ."

"ಇನ್ನು ಮೇಲೆ ನೋಯುತ್ತೆ."

ಅವಳು ಗಡಿಯಾರ ನೋಡಿದಳು. ಮೂರೂವರೆ. ಚಪ್ಪಲಿ ಹಾಕಿಕೊಂಡು ಕೈಚೀಲ ಹೆಗಲಿಗೇರಿಸಿದಳು. ಬಿಚ್ಚಿದ ಕೂದಲು ಬೆನ್ನ ಮೇಲೆ ಸೊಂಟದ ತನಕ ಇಳಿದಿತ್ತು. ಇನ್ನು ಅರ್ಧ ಗಂಟೆಗೆ ಅದು ಯಾರದೋ ಪೊರಕೆಗೆ ಸಿಕ್ಕಿ ಕಸದ ಬುಟ್ಟಿಗೆ ಹೋಗುವುದಿತ್ತು.

"ಇರು," ಎಂದೆ. ಮಗನಿಗೆ, "ನೀನು ಹೋಗಿ ಸೋಪು ತಗೊಂಡು ಬಾ," ಎಂದೆ.

"ಸೋಪು ಇದೆಯಲ್ಲ."

"ಇನ್ನೊಂದು ತಗೊಂಡು ಬಾ."

ಅವನು ಹೋದ ಮೇಲೆ ಬಾಗಿಲು ಹಾಕಿ ತುರುಬಿಗೆ ಕೈ ಹಾಕಿದೆ. ಮೂರು ಪಿನ್ನು ಬಂದವು. ನಾಲ್ಕನೆಯದಾಗಿ ಸುರುಳಿ ಸುತ್ತಿದ ಕಪ್ಪು ಕಾಲುಚೀಲವೊಂದು ನೆಲಕ್ಕೆ ಬಿದ್ದು ಸೊಸೆಯ ಕಾಲಿನ ತನಕ ಉರುಳಿತು. ನನ್ನ ತಲೆಯಲ್ಲಿ ಉಳಿದದ್ದು ಇಲಿಯ ಬಾಲದಷ್ಟು ಕೂದಲು.

ಈ ಕಟ್ಟಡದ ಹೆಂಗಸರೆಲ್ಲ ಇಷ್ಟು ದಪ್ಪ ತುರುಬಿಗೆ ಏನು ಹಚ್ಚುತ್ತೀರಿ ಎಂದು ಕೇಳುತ್ತಾರೆ. ಒಬ್ಬಳಿಗೆ ಎಣ್ಣೆ ಎಂದಿದ್ದೆ, ಇನ್ನೊಬ್ಬಳಿಗೆ ಒಳ್ಳೆಯ ಮನಸ್ಸು ಎಂದಿದ್ದೆ.

ಸೊಸೆ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ತುಟಿ ಕಚ್ಚಿಕೊಂಡಿದ್ದಳು. "ಇದು ಮಾವಂದಾ?"

"ಅವರದೇ. ಜೋಡಿ ಇನ್ನೊಂದನ್ನ ಎಲ್ಲಿ ಕಳೆದ್ರೋ, ಸಾಯೋ ತನಕ ಹೇಳಲಿಲ್ಲ. ಬದುಕಿರೋ ತನಕ ನನ್ನ ತಲೆ ತಿಂದ್ರು, ಈಗ ತಲೆ ಮೇಲೇ ಕೂತಿದಾರೆ. ನಗೋದಾದ್ರೆ ನಕ್ಕುಬಿಡು, ತಡ್ಕೊಂಡ್ರೆ ಹೊಟ್ಟೆ ನೋವು ಬರುತ್ತೆ."

ಅವಳು ನಕ್ಕಳು. ಗೋಡೆ ಹಿಡಿದುಕೊಂಡು, ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಚಪ್ಪಲಿ ಬಿಟ್ಟು ನನ್ನ ಹಿಂದೆ ಬಂದು ನಿಂತು ನನ್ನ ಎರಡೂ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. "ಈಗ ಕಟ್ಟಿ. ನಿಧಾನಕ್ಕೆ."

ಕತ್ತಿನ ಹತ್ತಿರ ಹಿಡಿದೆ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದೆ, ಅದು ತಾನಾಗಿ ಸುರುಳಿಯಾಯಿತು. ಕಾಲುಚೀಲದ ಸುತ್ತ ಸುತ್ತಿ ತುದಿಯನ್ನು ಅಡಿಗೆ ಸೇರಿಸಿದೆ. ಪಿನ್ನು ಹಾಕಿದೆ.

"ಅಲ್ಲೇನೋ ಮಗುಚಿದ್ರಿ," ಎಂದಳು.

"ನಾನೆಲ್ಲಿ ಮಗುಚಿದೆ? ಚುಚ್ಚಿದೆ ಅಷ್ಟೇ."

"ಇಲ್ಲ ಅತ್ತೆ, ಮಣಿಕಟ್ಟು ತಿರುಗ್ತು. ಇನ್ನೊಂದು ಹಾಕಿ."

ಹಾಕಿದೆ. ಅವಳು ಹೇಳಿದ್ದು ನಿಜ. ಪಿನ್ನಿನ ಮೊನೆ ಮೊದಲು ಹೊರಮುಖವಾಗಿ ಹೋಗಿ ತುರುಬಿನ ಅಂಚಿನ ನಾಲ್ಕೆಳೆ ಹಿಡಿಯುತ್ತಿತ್ತು. ಆಮೇಲೆ ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚಿಕೊಂಡು ಬುಡಕ್ಕೆ ನುಗ್ಗುತ್ತಿತ್ತು. ನಲವತ್ತು ವರ್ಷದಿಂದ ನನ್ನ ಕೈ ಈ ಕೆಲಸ ಮಾಡುತ್ತಿತ್ತು, ನನಗೊಂದು ಮಾತು ಹೇಳಿರಲಿಲ್ಲ.

ಅವಳು ತನ್ನ ಕೂದಲು ಹಿಡಿದಳು. ತಿರುಚಿದಳು, ಸುತ್ತಿದಳು, ಮೂರು ಸಲ ಮಗುಚಿದಳು. ಕಿವಿಯ ಹತ್ತಿರ ಎರಡೆಳೆ ಸಡಿಲ ಮಾಡಿದಳು. ತಲೆಯಾಡಿಸಿದಳು. ಬಗ್ಗಿ ಮಂಚದ ಕೆಳಗೆ ಕಸ ಗುಡಿಸಿದಳು. ನಿಂತಲ್ಲೇ ಹತ್ತು ಸಲ ಕುಣಿದಳು. ಕೆಳಗಿನ ಮನೆಯವರು ಕೋಲಿನಿಂದ ತಾರಸಿ ಬಡಿದರು. ತುರುಬು ಅಲ್ಲಾಡಲಿಲ್ಲ. ಕತ್ತು ಉದ್ದವಾಗಿ, ಮುಖ ಬಿಚ್ಚಿಕೊಂಡು, ಕನ್ನಡಿಯಲ್ಲಿ ಯಾರೋ ದೊಡ್ಡ ಮನೆಯ ಹೆಂಗಸು ನಿಂತ ಹಾಗಿತ್ತು. ಅವಳು ಪಾರ್ಲರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು.

ಸೋಮವಾರ ಬೆಳಿಗ್ಗೆ ಎದ್ದರೆ ರಾತ್ರಿ ಬಿಚ್ಚಿ ದಿಂಬಿನಡಿ ಇಟ್ಟಿದ್ದ ಕಾಲುಚೀಲ ತಂತಿಯ ಮೇಲೆ ನೀರು ಸುರಿಸುತ್ತ ನೇತಾಡುತ್ತಿತ್ತು. ತೊಳೆದುಹಾಕಿ ಕೆಲಸಕ್ಕೆ ಹೋಗಿಬಿಟ್ಟಿದ್ದಳು ಮಹಾತಾಯಿ.

"ಒಂದೇ ಕಾಲುಚೀಲ ಒಣಗ್ತಿದೆಯಲ್ಲ, ಯಾರದು?" ಎಂದ ಮಗ.

"ಕಿಟಕಿ ಒರೆಸೋ ಬಟ್ಟೆ ಅದು."

ಇಡೀ ದಿನ ತಲೆಗೆ ಟವೆಲ್ ಸುತ್ತಿಕೊಂಡು ಮನೆಯೊಳಗೇ ಕೂತೆ. ಒಂದು ಯುಗ ಕಳೆದ ಹಾಗಾಯಿತು. ಅವಳ ತುರುಬು ಈಗ ಬಿದ್ದೀತು, ಈಗ ಬಿದ್ದೀತು ಎಂದು ನನ್ನ ಕೈ ಸುಮ್ಮನೆ ಟವೆಲ್ ಒತ್ತಿಕೊಳ್ಳುತ್ತಿತ್ತು.

ಸಂಜೆ ಬಂದಳು. ಮೊದಲು ನಾನು ನೋಡಿದ್ದು ಮುಖವಲ್ಲ, ತುರುಬು. ಭಾನುವಾರ ನೋಡಿದ ಹಾಗೇ ಇತ್ತು.

"ಆ ಮೇಷ್ಟ್ರ ಹೆಂಡತಿ ಬಂದಿದ್ರು ಅತ್ತೆ, ತಮ್ಮ ಕನ್ನಡಕಕ್ಕೆ. ಎಷ್ಟು ಪಿನ್ನು ಅಂದ್ರು. ಮೂರು ಅಂದೆ. ನಂಬದೆ ಎಣಿಸಿ ನೋಡಿದ್ರು." ಆಮೇಲೆ ಚೀಲದಿಂದ ಪುಟ್ಟ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಮುಂದಿನ ಗಾಜಿನ ಬೀರುವಿಂದು. ಇನ್ನು ನೀನೇ ಇಟ್ಕೋ ಅಂದ್ರು ಯಜಮಾನಿ."

ತಂತಿಯಿಂದ ಕಾಲುಚೀಲ ತಂದು ನನ್ನ ಕೈಗಿಟ್ಟಳು. ಹಿಮ್ಮಡಿಯ ತೂತಿಗೆ ಕಪ್ಪು ದಾರದ ಹೊಸ ಹೊಲಿಗೆ. ಅದನ್ನು ಹೊಲಿದುಕೊಡು ಎಂದು ನನ್ನ ಗಂಡ ಕೇಳಿ ಕೇಳಿ ಸೋತಿದ್ದರು.

"ಕೂತ್ಕೊಳ್ಳಿ, ಇವತ್ತು ನಾನು ಕಟ್ತೀನಿ," ಎಂದಳು. ಕಟ್ಟಿದಳು. ಬಿತ್ತು. ಮತ್ತೆ ಕಟ್ಟಿದಳು, ಮತ್ತೆ ಬಿತ್ತು.

"ನಿನ್ನ ಕೈಗೂ ನಿನ್ನ ತಲೆ ಮಾತ್ರ ಗೊತ್ತು ಕಣೆ. ಬಿಡು," ಎಂದು ನಾನೇ ಕಟ್ಟಿಕೊಂಡೆ. ಮೂರನೇ ಪಿನ್ನು ಮಗುಚುವಾಗ ಮಗ ಒಳಗೆ ಬಂದ.

"ಅಮ್ಮ, ತಂತಿ ಮೇಲಿದ್ದ ಕಿಟಕಿ ಒರೆಸೋ ಬಟ್ಟೆ ಎಲ್ಲಿ? ಸ್ಕೂಟರ್ ಕನ್ನಡಿ ಒರೆಸ್ಬೇಕು."

ಸೊಸೆ ಅಡುಗೆಮನೆಗೆ ಓಡಿದಳು. ನಾನು ತುರುಬನ್ನು ಒಮ್ಮೆ ಒತ್ತಿ ನೋಡಿಕೊಂಡೆ. ಭದ್ರವಾಗಿತ್ತು.